ಅವರು ಹತ್ತದಿದ್ದರೆ ಸಾಕು

ಕಿಟಕಿಯ ಪರದೆಯ ಅಂಚಿನ ಹೊಲಿಗೆ ಸೊಟ್ಟ, ಯಾವ ಮಹಾರಾಯ ಹೊಲಿದನೋ, ಮೇಲಿನಿಂದ ನೆಟ್ಟಗೆ ಇಳಿದು ಮೊಣಕಾಲೆತ್ತರಕ್ಕೆ ಬರುವಾಗ ಕುಡಿದವನ ಹಾಗೆ ಎಡಕ್ಕೆ ವಾಲಿ, ಯಾರೋ ಗದರಿಸಿದಂತೆ ಮತ್ತೆ ಬಲಕ್ಕೆ — ನಾನಾಗಿದ್ದರೆ ಪೂರ್ತಿ ಬಿಚ್ಚಿ ಮತ್ತೆ ಹಾಕುತ್ತಿದ್ದೆ ಎಂದುಕೊಂಡಳು, ಟಾರ್ಪಾಲಿನ್ ಹೊಲಿಯುವವಳ ಕಣ್ಣು ಸ್ವರ್ಗಕ್ಕೆ ಹೋದರೂ ಮೊದಲು ನೋಡುವುದು ಅಲ್ಲಿನ ಹೊಲಿಗೆಯನ್ನೇ ಇರಬೇಕು, ಇದು ಸ್ವರ್ಗವೇನಲ್ಲ, ವಿಮೆ ಕಚೇರಿ, ಕುರ್ಚಿಗೆ ಹೊದಿಸಿದ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ಬೆನ್ನಿಗೆ ಅಂಟುತ್ತದೆ, ಅಲುಗಿದರೆ ಚರ್ರೆನ್ನುತ್ತದೆ, ಅಧಿಕಾರಿ ಒಂದ್ನಿಮಿಷ ಮೇಡಂ ಎಂದು ಒಳಗೆ ಹೋದವನು ಇನ್ನೂ ಬಂದಿಲ್ಲ, ಬರಲಿ, ಕಾಯುವುದು ಹೊಸದೇ, ಎಷ್ಟು ಬಾಗಿಲು ಕಾದಾಯಿತು ಈ ದೋಣಿಯ ದೆಸೆಯಿಂದ. ತಿಂಗಳ ಕೊನೆಯೊಳಗೆ ವಿಮೆ ಮಾಡಿಸದ ದೋಣಿ ಬಂದರಿನ ಕಟ್ಟೆ ಬಿಡಬೇಕು, ಹೊಸ ಕಾನೂನು, ಹೋದ ಬಿರುಗಾಳಿಗೆ ಯಾರದೋ ಮುದಿ ದೋಣಿ ಕಟ್ಟಿದಲ್ಲೇ ಮುಳುಗಿ ಅಕ್ಕಪಕ್ಕದವನ್ನೂ ಜೊತೆಗೆ ಎಳೆದುಕೊಂಡು ಹೋಯಿತು, ಯಜಮಾನ ಕೈಯೆತ್ತಿದ, ಅಂದಿನಿಂದ ಬಂದರಿನವರಿಗೆ ಹಳೆಯ ಮರದ ದೋಣಿ ಕಂಡರೆ ಹಾವು ಕಂಡ ಹಾಗೆ — ಬಿಚ್ಚಿಕೊಂಡು ಹೋಗಿ ಅಂತಾರೆ, ಎಲ್ಲಿಗೆ, ದೋಣಿಯೇನು ಕೊಡೆಯೇ, ಮಡಚಿ ಮೂಲೆಗೆ ನಿಲ್ಲಿಸಲು. ಮೊದಲನೆಯ ಕಂಪನಿಯ ಹುಡುಗಿಯದು ಫೋನಿನಲ್ಲಿ ಜೇನಿನಂಥ ದನಿ, ಮೇಡಂ ದೋಣಿ ಯಾವ ವರ್ಷದ್ದು, ಹೇಳಿದಳು, ಆ ಕಡೆ ಟಕಟಕ ಸದ್ದು, ಸಾರಿ ಮೇಡಂ ಕಂಪ್ಯೂಟರ್ ತಗೊಳ್ತಾ ಇಲ್ಲ, ಯಾಕಮ್ಮಾ, ಆ ವರ್ಷ ಇದರಲ್ಲಿ ಇಲ್ಲ ಮೇಡಂ, ಇಲ್ಲ ಅಂದ್ರೆ ಏನಮ್ಮಾ, ಇಲ್ಲ ಮೇಡಂ, ಅಷ್ಟು ಹಿಂದಿನ ವರ್ಷಾನೇ ಇಲ್ಲ — ತಾವು ಮದುವೆಯಾದ ವರ್ಷ ಅದು, ಹಾಗಾದರೆ ಆದದ್ದೂ ಸುಳ್ಳೇ. ಎರಡನೆಯವನು ಮರದ್ದಾ ಎಂದು ಕೇಳಿದ, ಹೌದು ಎಂದೊಡನೆ ತನ್ನ ಫೋನಿಗೂ ಗೆದ್ದಲು ಹತ್ತೀತು ಎಂಬಂತೆ ಇಟ್ಟುಬಿಟ್ಟ. ಮೂರನೆಯವರು ಧಾರಾಳವಾಗಿ ಮಾಡ್ಕೊಡ್ತೀವಿ ಅಂದರು, ಆದರೆ ಕೇಳಿದ ಕಂತು ಮೂಗಿಗಿಂತ ಮೂಗುತಿ ಭಾರ, ಕಟ್ಟುತ್ತಾ ಹೋದರೆ ದೋಣಿಯನ್ನೇ ಮಾರಿ ದೋಣಿಯ ವಿಮೆ ಕಟ್ಟಬೇಕು. ಒಬ್ಬ ಏಜೆಂಟ್ ಮಾತ್ರ ಕರುಣೆಯಿಂದ, ಅಕ್ಕಾ, ಒಡೆದು ಮಾರಿಬಿಡಿ, ಇಂಜಿನ್‌ಗಾದ್ರೂ ಒಳ್ಳೇ ರೇಟು ಬರುತ್ತೆ.

ಒಡೆದು ಮಾರುವುದಂತೆ. ನಾಲಿಗೆಗೆ ಎಲುಬಿಲ್ಲ. ಊರವರ ದೋಣಿಗಳನ್ನೆಲ್ಲ ಕಟ್ಟಿಕೊಟ್ಟ ಬಡಗಿ ಅವಳ ಗಂಡ, ತನಗೆಂದು ಕಟ್ಟಿಕೊಂಡದ್ದು ಅದೊಂದೇ, ಕೆಲಸ ಬಿಟ್ಟ ಮೇಲೆ ಸಂಜೆಯ ಬೆಳಕು ಇರುವಷ್ಟು ಹೊತ್ತು, ಅವಳು ಹಲಗೆಯ ಇನ್ನೊಂದು ತುದಿ ಹಿಡಿದು ನಿಲ್ಲುವುದು, ಅಲ್ಲಾಡಿಸಬೇಡ್ವೇ, ನಾನಲ್ಲ ರೀ ಗಾಳಿ, ಹಾಗಾದ್ರೆ ಗಾಳಿಗೆ ಹೇಳು ಸ್ವಲ್ಪ — ಅವಳ ಮೈಮೇಲೆಲ್ಲ ಮರದ ಪುಡಿ, ಕೂದಲಲ್ಲಿ ಹಲಗೆ ಕೀಸಿದ ಸಿಪ್ಪೆ, ಸುರುಳಿ ಸುರುಳಿ, ಏನೇ ಸೂಜಿ, ಜಡೆಗೆ ಹೊಸ ಹೂವಾ ಎಂದು ನಗುತ್ತಿದ್ದ, ಹೊಲಿಗೆಯವಳಾದ್ದರಿಂದ ಸೂಜಿ, ಚುಚ್ಚುವ ಮಾತಿನವಳಾದ್ದರಿಂದಲೂ ಸೂಜಿ, ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಅವಳ ನಿಜವಾದ ಹೆಸರು ಬಂದದ್ದೇ ಕಡಿಮೆ, ಈಗ ಬರುವುದೇ ಇಲ್ಲ, ಎರಡೂ ಬರುವುದಿಲ್ಲ, ಮನೆಯಲ್ಲಿ ಬರುವುದಿಲ್ಲ. ಮೊದಲು ಬೀಗದ ಕೈ ಎಲ್ಲಿಟ್ಟೆ ಎಂಬುದು ಮರೆತ, ಅದು ಯಾರಿಗೂ ಆಗುವಂಥದ್ದು, ಆಮೇಲೆ ಬೀಗದ ಕೈ ಎಂಬ ಮಾತು ಮರೆತ, ಅದು, ಅದು, ತಿರುಗಿಸ್ತಾರಲ್ಲ ಅದು ಎಂದು ಬೆರಳು ತಿರುಗಿಸುತ್ತಾ ನಿಂತ, ಆಮೇಲೊಂದು ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೈ ಮುಗಿದು ಕೂತು, ಅಮ್ಮಾ ನಿಮ್ಮನೆಯಲ್ಲಿ ಬಹಳ ದಿನ ಇದ್ದುಬಿಟ್ಟೆ, ಬಾಡಿಗೆ ಎಷ್ಟಾಯ್ತು ಹೇಳಿ ಎಂದ. ಬಾಡಿಗೆ. ಅವಳು ಒಲೆ ಆರಿಸಿ ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ಅತ್ತಳು, ಅವನಿಗೆ ಕೇಳಬಾರದೆಂದು, ಕೇಳಿದರೂ ಯಾರದೋ ಮನೆಯೊಡತಿ ಅಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದನೇನೋ. ಏನು ಮಾಡಿದರೂ ಸಮಾಧಾನವಾಗದ ಒಂದು ದಿನ, ಬಾಗಿಲು ಬಡಿದು ಬಡಿದು ಕೈ ಕೆಂಪಾದ ದಿನ, ಬನ್ನಿ ಎಂದು ಬಂದರಿಗೆ ಕರೆತಂದಳು, ದೋಣಿಯೊಳಗೆ ಇಳಿದನೋ ಇಲ್ಲವೋ, ತಲೆಗಿಂತ ಮೊದಲು ಪಾದಕ್ಕೆ ಗುರುತು ಸಿಕ್ಕಿತು, ಬೆನ್ನು ನೆಟ್ಟಗಾಯಿತು, ಕೈ ತಾನಾಗಿ ಚುಕ್ಕಾಣಿಯ ಮೇಲೆ ಹೋಯಿತು, ತಿರುಗಿ ಅವಳನ್ನು ನೋಡಿ, ಏನೇ ಸೂಜಿ, ನಿಂತೇ ಇದೀಯ, ಹಗ್ಗ ಬಿಚ್ಚೋರು ಯಾರು. ಅಷ್ಟೇ. ಹಗ್ಗ ಬಿಚ್ಚೋರು ಯಾರು. ಅಂದಿನಿಂದ ಅವಳ ಗಂಡ ಇರುವುದು ಅಲ್ಲಿ, ಮನೆಯಲ್ಲಿರುವವನು ಬಾಡಿಗೆಯವನು, ಗಂಡನನ್ನು ನೋಡಬೇಕಾದರೆ ಬಂದರಿಗೆ ಹೋಗಬೇಕು, ಅದಕ್ಕೇ ಈ ಓಡಾಟ, ನಾದಿನಿಗೆ ಅರ್ಥವಾಗುವುದಿಲ್ಲ, ಅತ್ತಿಗೆ, ಆ ಹಲಗೆಗಳಿಗೆ ವಿಮೆ ಹುಡುಕೋದು ಬಿಟ್ಟು ನಿನ್ನ ಬುದ್ಧಿಗೊಂದು ಮಾಡಿಸು ಎನ್ನುತ್ತಾಳೆ, ಬಾಯಿ ಹಾಗೆ, ಕರುಳು ಹಾಗಲ್ಲ, ಈಗಲೂ ಅಲ್ಲಿ ದೋಣಿಯಲ್ಲಿ ಅಣ್ಣನ ಜೊತೆ ಕೂತಿರುವವಳು ಅವಳೇ, ಬೇಗ ಬಾ ಅತ್ತಿಗೆ, ನನಗೆ ನೀರಿನ ಮೇಲೆ ತಲೆ ಸುತ್ತುತ್ತೆ ಎಂದು ಗೊಣಗುತ್ತಲೇ ಬಂದಿದ್ದಾಳೆ.

ಈ ಕಂಪನಿಯವರು ಮಾತ್ರ ಫೋನ್ ಇಡಲಿಲ್ಲ, ಹಳೇ ದೋಣಿ ಆದ್ರೇನು, ಸರ್ವೇಯರ್ ಬಂದು ನೋಡ್ಲಿ, ಗಟ್ಟಿ ಇದ್ರೆ ನೋಡೋಣ ಎಂದರು, ನೋಡೋಣ ಎಂಬ ಒಂದು ಮಾತಿಗೆ ಅವಳು ಆ ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ಹಾಡು ಗುನುಗಿದಳು. ದೋಣಿಯನ್ನು ದಡಕ್ಕೆ ಎಳೆಸಿದರು, ಸರ್ವೇಯರ್ ಸಣ್ಣ ಸುತ್ತಿಗೆ ಹಿಡಿದು ಬಂದ, ತೆಳ್ಳಗಿನ ಮನುಷ್ಯ, ಡಾಕ್ಟರು ಎದೆ ತಟ್ಟಿ ನೋಡುವ ಹಾಗೆ ಹಲಗೆ ಹಲಗೆ ತಟ್ಟುತ್ತಾ, ತಲೆ ಓರೆ ಮಾಡಿ ಕೇಳುತ್ತಾ, ಅವನ ಹಿಂದೆಯೇ ಇವನು, ಗಂಡ, ತನ್ನ ಮಗುವನ್ನು ಯಾರೋ ಮುಟ್ಟುತ್ತಿದ್ದಾರೆ ಎಂಬಂತೆ, ಎಲ್ಲಾದರೂ ಒಂದು ಕಡೆ ಟೊಳ್ಳು ಸದ್ದು ಬಂದರೆ ಮುಗಿಯಿತು — ಬರಲಿಲ್ಲ, ತಳದಿಂದ ಮೂತಿಯವರೆಗೆ ಒಂದು ಕಡೆಯೂ ಬರಲಿಲ್ಲ, ಅಮ್ಮಾ ಇದು ನಮ್ಮಿಬ್ಬರಿಗಿಂತ ಗಟ್ಟಿಮುಟ್ಟಾಗಿದೆ ಎಂದ ಸರ್ವೇಯರ್, ಯಾರು ಕಟ್ಟಿದ್ದು, ಇವರೇ ಸಾರ್, ಅವನು ಇವನ ಕೈ ಕುಲುಕಿದ, ಇವನು ಖುಷಿಯಿಂದ ನಿಮ್ಮ ಹೆಸರು ಎಂದು ಕೇಳಿದ, ಅವನು ಹೇಳಿದ, ಸುತ್ತಿಗೆ ಚೀಲದಲ್ಲಿಡುವಾಗ ಮತ್ತೆ ನಿಮ್ಮ ಹೆಸರು, ಹೇಳಿದ, ಚಹಾ ಕುಡಿಯುವಾಗ ಇನ್ನೊಮ್ಮೆ, ಅಂದ ಹಾಗೆ ತಮ್ಮ ಹೆಸರು, ಆಗ ಸರ್ವೇಯರ್ ಲೋಟ ಕೆಳಗಿಟ್ಟು ಅವಳ ಕಡೆ ನೋಡಿದ, ಅವಳು ನೀರಿನ ಕಡೆ ನೋಡಿದಳು. ದೋಣಿ ನಡೆಸೋದು ಯಾರಮ್ಮಾ. ನಾನೇ ಸಾರ್, ನಾನೇ ನಡೆಸೋದು, ಅವರು ಸುಮ್ನೆ ಕೂತಿರ್ತಾರೆ. ಕೂತಿರ್ತಾರಾ. ಹೂಂ ಸಾರ್, ಪಾಪ, ಕೂತಿರ್ತಾರೆ.

ಬಂದ, ಅಧಿಕಾರಿ ಬಂದ, ಮುಖದಲ್ಲಿ ನಗುವಿದೆ, ದೇವರೇ, ನಗುವಿದೆ. ಒಳ್ಳೇ ಸುದ್ದಿ ಮೇಡಂ, ದೋಣಿ ಪಾಸಾಯ್ತು, ಸರ್ವೇಯರ್ ಹೊಗಳಿದ್ದೇ ಹೊಗಳಿದ್ದು, ಕಂತೂ ನಿಮ್ಮ ಕೈಗೆಟುಕೋ ಹಾಗೇ ಮಾಡಿಸಿದೀನಿ — ಪ್ಲಾಸ್ಟಿಕ್ ಚರ್ರೆಂದಿತು, ಅವಳು ಎದ್ದೇ ಬಿಟ್ಟಿದ್ದಳು, ಕೂತ್ಕೊಳ್ಳಿ ಕೂತ್ಕೊಳ್ಳಿ, ಒಂದೇ ಒಂದು ಷರತ್ತು, ಏನೂ ದೊಡ್ಡದಲ್ಲ, ನಿಮ್ಮ ಯಜಮಾನ್ರು ದೋಣಿ ಹತ್ತೋ ಹಾಗಿಲ್ಲ. ಹತ್ತೋ ಹಾಗಿಲ್ಲ ಅಂದ್ರೆ. ಅವರ ಆರೋಗ್ಯ ಅಂಥದ್ದಲ್ವಾ ಮೇಡಂ, ಬಿದ್ರೆ, ಇಂಜಿನ್ ಮುಟ್ಟಿದ್ರೆ, ಬೇರೆ ದೋಣಿಗೆ ಹೊಡೆಸಿದ್ರೆ, ಕಂಪನಿ ಒಪ್ಪಲ್ಲ, ನೀವು ಹೋಗಿ, ನಿಮ್ಮ ನೆಂಟರು ಹೋಗ್ಲಿ, ಅವರು ಹತ್ತದಿದ್ದರೆ ಸಾಕು. ಅವರು ಹತ್ತದಿದ್ದರೆ ಸಾಕು. ಅವಳು ನಕ್ಕಳು, ನಗು ಯಾಕೆ ಬಂತೋ, ಊಟಕ್ಕೆ ಕರೆದು ಎಲೆ ಹಾಕಿ ಬಡಿಸಿ ಬಾಯಿ ಹೊಲಿದ ಹಾಗಾಯಿತು, ದೋಣಿಗೆ ವಯಸ್ಸಾಯಿತು ಎಂದರು ಅಷ್ಟು ದಿನ, ಈಗ ದೋಣಿಗೆ ಹರೆಯ, ಮನುಷ್ಯ ಹಳಬ. ಸಾರ್, ಆ ದೋಣಿ ಬೇಕಾಗಿರೋದೇ ಅವರಿಗೆ, ನನಗೆ ನೀರಂದ್ರೆ ಇವತ್ತಿಗೂ ಭಯ. ನನಗರ್ಥ ಆಗುತ್ತೆ ಮೇಡಂ, ನಿಮ್ಮ ಒಳ್ಳೇದಕ್ಕೇ. ಹೂಂ ಎಂದುಬಿಡಲೇ, ಹೂಂ ಎಂದು ಸಹಿ ಹಾಕಿ ಕದ್ದು ಹತ್ತಿಸಿದರಾಯಿತು, ಯಾರು ನೋಡುತ್ತಾರೆ — ಅಧಿಕಾರಿಗೆ ಅದೂ ಕೇಳಿಸಿತೇನೋ, ಬಂದರಿನ ಕಾವಲುಗಾರನಿಗೂ ತಿಳಿಸ್ತೀವಿ ಮೇಡಂ, ಅವರು ದೋಣೀಲಿದ್ದಾಗ ಏನಾದ್ರೂ ಆದ್ರೆ ಪಕ್ಕದ ದೋಣಿಯವರಿಗೂ ಬಿಡಿಗಾಸು ಬರಲ್ಲ. ಪಕ್ಕದ ದೋಣಿಯವನ ಮೂರು ಹೆಣ್ಣುಮಕ್ಕಳು ಉಣ್ಣುವುದು ಆ ದೋಣಿಯ ಮೀನಿನಲ್ಲಿ. ಬೇಡ ಸಾರ್ ಎಂದಳು. ಯೋಚನೆ ಮಾಡಿ ಮೇಡಂ, ಇಷ್ಟು ಅಗ್ಗಕ್ಕೆ ಬೇರೆ ಎಲ್ಲೂ ಸಿಗಲ್ಲ. ಗೊತ್ತು ಸಾರ್, ಬೇಡ. ನಿಮ್ಮ ಪರದೆ ಸೊಟ್ಟ ಹೊಲಿದಿದಾರೆ, ನೋಡ್ಕೊಳ್ಳಿ. ಯಾಕೆ ಹಾಗೆಂದಳೋ.

ಬೀದಿಯಲ್ಲಿ ಬಿಸಿಲು, ಕಣ್ಣು ಕುಕ್ಕುವ ಬಿಸಿಲು, ಚಪ್ಪಲಿ ಅಂಗಡಿ, ಗಾಜಿನ ಅಂಗಡಿ, ಗಾಜಿನಲ್ಲಿ ಯಾರೋ ಮುದುಕಿ ಅವಳ ಜೊತೆ ಜೊತೆಗೇ ನಡೆಯುತ್ತಿದ್ದಾಳೆ, ಬಿಡು, ಅಳಬಾರದು, ಅಳುವುದಕ್ಕೆ ನಲ್ಲಿ ಬೇಕು — ತಿಂಗಳ ಕೊನೆ ಇನ್ನೂ ಬಂದಿಲ್ಲವಲ್ಲ, ಅಲ್ಲಿಯವರೆಗೆ ಕಟ್ಟೆ ನಮ್ಮದೇ, ಮನೆಗೆ ಬೀಗ ಹಾಕಿ ದೋಣಿಯಲ್ಲೇ ಇದ್ದುಬಿಟ್ಟರೆ, ಹಾಸಿಗೆ, ಸಣ್ಣ ಸ್ಟೌ, ಅವನ ಮಾತ್ರೆ, ನನ್ನ ಕೈಹೊಲಿಗೆ, ನಾದಿನಿ ಹಾರಾಡುತ್ತಾಳೆ, ಹಾರಾಡಲಿ, ಬೆಳಿಗ್ಗೆ ಎದ್ದರೆ ಸೂಜಿ, ಮಲಗುವಾಗ ಸೂಜಿ, ಒಂದು ಜನ್ಮಕ್ಕಾಗುವಷ್ಟು ಕೇಳಿಸಿಕೊಂಡು ಬಿಡುತ್ತೇನೆ, ಆಮೇಲೆ ಒಡೆಯುವವನು ಒಡೆಯಲಿ. ಹೆಜ್ಜೆ ತಾನಾಗಿ ಬೇಗವಾಯಿತು, ಬೇಕರಿಯಲ್ಲಿ ಎರಡು ಬನ್ನು ಕೊಂಡಳು, ಅವನಿಗೆ ಮೇಲಿನ ಸಿಪ್ಪೆ ಸುಲಿದು ತಿನ್ನುವ ಚಟ, ಮಕ್ಕಳ ಹಾಗೆ, ಬಿಸಿ ಇದೆಯೇನಪ್ಪಾ, ಈಗಷ್ಟೇ ತೆಗೆದದ್ದಮ್ಮಾ, ಮದುವೆಯ ಹೊಸತರಲ್ಲಿ ಓಡಿದ ಹಾಗೆ ಓಡುತ್ತಿದ್ದೇನೆ, ಈ ಮೊಣಕಾಲಿಟ್ಟುಕೊಂಡು, ನಾಚಿಕೆ.

ನಾದಿನಿ ದೋಣಿಯಲ್ಲಿರಲಿಲ್ಲ, ಕಟ್ಟೆಯ ಮೇಲೆ ನಿಂತಿದ್ದಳು, ಅತ್ತಿಗೆಯ ಮೊಣಕೈ ಹಿಡಿದುಕೊಂಡಳು, ಊಟದವರೆಗೂ ಅಣ್ಣ ಚೆನ್ನಾಗಿದ್ದ, ಅತ್ತಿಗೆ, ಆಮೇಲೆ ನನ್ನನ್ನ ಇಳಿಯಮ್ಮಾ ಅಂದ, ಏನೂ ಅಂದ್ಕೋಬೇಡ. ಏನು ಅಂದುಕೊಳ್ಳುವುದು, ನಿನ್ನನ್ನು ಇಳಿ ಅಂದಾನು, ತಂಗಿ, ಜಗಳ ಹಳೆಯದು, ನನ್ನನ್ನು ಅನ್ನುತ್ತಾನೆಯೇ, ಅವಳು ಬನ್ನಿನ ಪೊಟ್ಟಣ ಎತ್ತಿ ಹಿಡಿದು ಇಳಿದಳು, ದೋಣಿ ಒಮ್ಮೆ ವಾಲಿ ಸರಿಯಾಯಿತು, ರೀ, ನೋಡಿ ಏನು ತಂದಿದೀನಿ. ಅವನು ಹಿಂಬದಿಯಲ್ಲಿ ಚುಕ್ಕಾಣಿಯ ಪಕ್ಕ ಕೂತಿದ್ದ, ಬೆನ್ನು ನೆಟ್ಟಗಿತ್ತು, ಕಣ್ಣು ಸ್ವಚ್ಛವಾಗಿತ್ತು, ನಕ್ಕ, ಅಪರಿಚಿತರಿಗೆ ನಗುವ ಸಭ್ಯ ನಗೆ, ಯಾರು ಬೇಕಿತ್ತಮ್ಮಾ. ನಾನು ರೀ. ಹೌದಾ ಎಂದ, ಸಂತೋಷ ಎಂದ. ಅವನ ಪಕ್ಕದ ಹಲಗೆಯ ಮೇಲೆ ಕೂರಲು ಬಗ್ಗಿದಳು, ಅವನು ಥಟ್ಟನೆ ಅಂಗೈ ಅಗಲಿಸಿ ಹಲಗೆಯ ಮೇಲಿಟ್ಟ, ಅಲ್ಲಿ ಬೇಡಮ್ಮಾ, ತಪ್ಪು ತಿಳ್ಕೋಬೇಡಿ, ಅದು ನಮ್ಮ ಮನೆಯವಳ ಜಾಗ, ಪೇಟೆಗೆ ಹೋಗಿದಾಳೆ, ಈಗ ಬಂದುಬಿಡ್ತಾಳೆ. ಬಂದ್ರೆ ಬೈತಾಳಾ. ಬೈತಾಳೆ, ಬಾಯಿ ಸೂಜಿ ಅವಳದು ಎಂದು ಸ್ವಲ್ಪ ಮುಂದೆ ಬಾಗಿ, ಗುಟ್ಟು ಹೇಳುವವನ ಹಾಗೆ, ಆದ್ರೆ ಅವಳು ಬರದೆ ನಾನು ಹಗ್ಗ ಬಿಚ್ಚಲ್ಲ. ಅವಳು ಎದುರಿನ ಹಗ್ಗದ ಸಿಂಬಿಯ ಮೇಲೆ ಕೂತಳು, ಬನ್ನು ಕೊಟ್ಟಳು, ಅವನು ಒಂದೇ ಕೈಯಲ್ಲಿ ತೆಗೆದುಕೊಂಡ, ಇನ್ನೊಂದು ಕೈ ಹಲಗೆಯ ಮೇಲೇ ಇತ್ತು, ಸಿಪ್ಪೆ ಸುಲಿಯಲು ಎರಡೂ ಕೈ ಬೇಕು, ಸುಲಿಯದೆ ತಿಂದ, ಕಟ್ಟೆಯ ಮೇಲೆ ನಾದಿನಿ ಮೂಗು ಒರೆಸಿಕೊಂಡಳು, ಆ ಅಧಿಕಾರಿಯ ಬಳಿ ಮತ್ತೆ ಹೋಗಿ ಹೇಳಬೇಕು, ಸಾರ್, ಈಗ ಹತ್ತಿದರೂ ಒಂದೇ ಹತ್ತದಿದ್ದರೂ ಒಂದೇ, ಏನು ಹೇಳುವುದು, ತಿಂಗಳ ಕೊನೆಗೆ ದೋಣಿಯನ್ನು, ಇವನನ್ನು ಇಲ್ಲಿಂದ ಎಬ್ಬಿಸುವುದು ಹೇಗೆ, ಅವಳು ಬಂದಳು ಎಂದು ಯಾರು ಹೇಳುವುದು ಇವನಿಗೆ, ಬೆರಳುಗಳು ಅಗಲವಾಗಿ, ಉಗುರಿನ ಪಕ್ಕ ಹಳೆಯ ಉಳಿಯ ಗಾಯ, ಕೈ ನೋವು ಬಂದೀತು ರೀ, ಸ್ವಲ್ಪ ತೆಗೀರಿ, ಇಲ್ಲಮ್ಮಾ ಪರವಾಗಿಲ್ಲ, ಮತ್ತೆ ಆ ಅಂಗೈ, ಬಿಸಿಲು ಇಳಿಯುತ್ತಿದೆ, ಆ ಅಂಗೈ, ಹಲಗೆಯ ಮೇಲೆ, ಅಗಲವಾಗಿ, ಬೇರೆ ಯಾರೂ ಕೂರದ ಹಾಗೆ