ಅಮ್ಮನನ್ನು ಕರೆಯುವ ಮಾತು

ಹೇಳಿಬಿಟ್ಟರೆ ಅಪ್ಪನ ಮನಸ್ಸು ಹಗುರಾದೀತೇ, ಇಲ್ಲ, ಉಳಿದಿರುವ ಒಂದು ಆಸರೆಯೂ ಕಳಚಿಬಿದ್ದೀತೇ? ರೇವಿ ಹಾಳೆಯ ಮೇಲೆ ಪೆನ್ನು ಊರಿಕೊಂಡು ಕುಳಿತಿದ್ದ. ಊರ ಸಭಾಮನೆಯ ಅಂಗಳದಲ್ಲಿ ಆಡಬೇಕಾದ ಮಾತಿನ ಮೊದಲ ಭಾಗವೆಲ್ಲ ಸಲೀಸಾಗಿ ಬಂದಿತ್ತು. ಸಭಾಮನೆಗೆ ವಂದನೆ, ಅಂಗಳದ ನೆಲಕ್ಕೆ ವಂದನೆ, ಸತ್ತವರಿಗೆ, ಆಮೇಲೆ ಬದುಕಿರುವವರಿಗೆ. ಕೊನೆಯ ಪ್ಯಾರಾವನ್ನು ಮಾತ್ರ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದ.

ಅದರಲ್ಲಿದ್ದುದು ಒಂದೇ ಸಂಗತಿ. ಕಳೆದ ವರ್ಷ ಆಸ್ಪತ್ರೆಯಲ್ಲಿ ಅಮ್ಮ ಅವನ ಕೈ ಹಿಡಿದುಕೊಂಡು, "ನನ್ನನ್ನ ನಮ್ಮೂರಿಗೆ ಕಳಿಸಿಬಿಡೋ, ನಮ್ಮಮ್ಮನ ಪಕ್ಕಕ್ಕೆ. ಅಲೆ ಸದ್ದು ಕೇಳ್ತಾ ಮಲಗಬೇಕು ನಾನು. ನಿಮ್ಮಪ್ಪನಿಗೆ ನೀನೇ ಹೇಳು, ನನಗೆ ಬಾಯಿ ಬರಲ್ಲ" ಅಂದಿದ್ದಳು. ಅವನು ಹೂಂ ಎಂದಿದ್ದ. ಹೇಳುವುದಕ್ಕೆ ಒಳ್ಳೆಯ ಹೊತ್ತು ಕಾಯುತ್ತಿದ್ದಾಗಲೇ ಅಮ್ಮ ಹೋಗಿಬಿಟ್ಟಳು. ಅವಳನ್ನು ಸಭಾಮನೆಯ ಜಗಲಿಯಲ್ಲಿ ಮಲಗಿಸಿದ ದಿನವೇ ಕಡಲ ಕಡೆಯಿಂದ ಅವಳ ತಮ್ಮಂದಿರು ಬಂದು, ನಮ್ಮಕ್ಕನನ್ನು ನಮಗೆ ಕೊಡಿ, ನಮ್ಮ ಮಣ್ಣಿಗೆ ಒಯ್ಯುತ್ತೇವೆ ಎಂದು ಕೇಳಿದರು. ಅಪ್ಪ ಇಹಾಕ ಎದ್ದುನಿಂತು ಕೊಡಲ್ಲ ಎಂದ. ಅತ್ತು ಹೇಳಿದ, ಗದರಿ ಹೇಳಿದ, ಅಜ್ಜಂದಿರ ಹೆಸರೆತ್ತಿ ಹೇಳಿದ. ಅಪ್ಪ ನಿಂತು ಮಾತಾಡುವ ಅಂಗಳದಲ್ಲಿ ಮಗ ಮಾತಾಡಲು ಏಳುವುದು ಈ ಸರೋವರದ ಊರುಗಳಲ್ಲಿ ಇಲ್ಲ. ರೇವಿ ಶವಪೆಟ್ಟಿಗೆಯ ಪಕ್ಕದಲ್ಲಿ ಚಾಪೆಯ ಮೇಲೆ ಬಾಯಿ ಮುಚ್ಚಿ ಕುಳಿತಿದ್ದ. ಕೊನೆಗೆ ಅವರು ಅವಳನ್ನು ಕರೆದುಕೊಂಡು ಹೋದರು.

ಅಂದಿನಿಂದ ಇಹಾಕ ಅಂಗಳದಲ್ಲಿ ಊರ ಪರವಾಗಿ ಮಾತಾಡುವ ಹಿರಿಯರ ಬೆಂಚಿನ ಮೇಲೆ ಕುಳಿತಿಲ್ಲ. ಯಾರು ಕರೆದರೂ, "ಹೆಂಡತೀನ ಉಳಿಸ್ಕೊಳ್ಳಕ್ಕಾಗದ ಬಾಯಿ ಇದು. ಬೇರೆಯವರನ್ನ ನೋಡಿ" ಎನ್ನುತ್ತಿದ್ದ.

ಈಗ ವರ್ಷ ತುಂಬುತ್ತಿತ್ತು. ಶನಿವಾರ ಕಡಲ ಕಡೆಯವರು ಅಮ್ಮನ ಫೋಟೋ ಹೊತ್ತು ಅಳುತ್ತ ಇದೇ ಅಂಗಳಕ್ಕೆ ಬರುವವರಿದ್ದರು. ಅವರನ್ನೂ ಅವಳನ್ನೂ ಮಾತಿನಿಂದ ಬರಮಾಡಿಕೊಳ್ಳಬೇಕು. "ನಾನು ಏಳಲ್ಲ, ನೀನು ಏಳು" ಎಂದು ಅಪ್ಪ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ. ಪೇಟೆಯ ಶಾಲೆಯಲ್ಲಿ ಇತಿಹಾಸ ಪಾಠ ಹೇಳುವ ರೇವಿ ದಿನವೆಲ್ಲ ಮಾತಾಡುವವನೇ. ಆದರೆ ಈ ಅಂಗಳದಲ್ಲಿ ಒಮ್ಮೆಯೂ ಬಾಯಿ ತೆರೆದವನಲ್ಲ.

"ಏಯ್! ಏನೋ ಅದು?"

ಹಿಟ್ಟು ಮೆತ್ತಿದ ಕೈಯಲ್ಲೇ ಹುಹಾನಾ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಅಕ್ಕ. ಅಂಗಳದಲ್ಲಿ ಬಂದವರನ್ನು ಕೂಗಿ ಕರೆಯುವವಳೂ ಹಾಡು ಎತ್ತುವವಳೂ ಅವಳೇ.

"ಮಾತು ಬರೀತಾ ಇದೀನಿ, ಅತ್ತೆ."

"ಎಲ್ಲಿ ಬರೀತಾ ಇದೀಯ ಅಂತ ನೋಡ್ಕೊಂಡಿದೀಯಾ? ಎಡಕ್ಕೆ ಬೆಣ್ಣೆ, ಬಲಕ್ಕೆ ರೊಟ್ಟಿ, ನಡುವೆ ನಿಮ್ಮಮ್ಮ! ಊಟದ ಮೇಜಿನ ಮೇಲೆ ಸತ್ತವರನ್ನ ಕರೀತಾರೇನೋ? ಅಷ್ಟೊಂದು ಓದಿ ಇದನ್ನ ಕಲಿಲಿಲ್ವಾ?"

ರೇವಿ ದಡಬಡಿಸಿ ಎದ್ದ. ಹಾಳೆಯ ಮೂಲೆಗೆ ಬೆಣ್ಣೆ ಹತ್ತಿತ್ತು. ಅತ್ತೆ ಅದನ್ನು ಮುಟ್ಟದೆ ಗಲ್ಲದಿಂದಲೇ ಒಲೆಯ ಕಡೆ ತೋರಿಸಿದಳು. "ಸುಟ್ಟುಹಾಕು. ತಲೇಲಿ ಇದ್ದಷ್ಟು ಸಾಕು. ಅಲ್ಲೂ ಇಲ್ಲ ಅಂದ್ರೆ ಹಾಳೆ ಇಟ್ಕೊಂಡು ಏನ್ ಮಾಡ್ತೀಯ? ಹೋಗು, ನಿಮ್ಮಪ್ಪ ನೀರಿನ ಹತ್ರ ಕೂತಿದಾನೆ. ಅವನಿಗೆ ಒಪ್ಪಿಸು."

ಬಿಸಿನೀರಿನ ಊಟೆಗಳಿರುವ ಸರೋವರದ ದಂಡೆಯಲ್ಲಿ ನೆಲದ ಬಿರುಕುಗಳಿಂದ ಆವಿ ಏಳುತ್ತಿತ್ತು. ಮಗುಚಿಹಾಕಿದ ದೋಣಿಯ ಮೇಲೆ ಇಹಾಕ ಕುಳಿತಿದ್ದ. ರೇವಿ ಎದುರಿಗೆ ನಿಂತು ಮೊದಲಿಂದ ಒಪ್ಪಿಸತೊಡಗಿದ.

"ನಿಲ್ಸು, ನಿಲ್ಸು. ಪರೀಕ್ಷೆಗೆ ಓದ್ತಾ ಇದೀಯೇನೋ? ನಡಿ. ಕಾಲು ನಡೀಲಿ, ಮಾತು ಅದರ ಹಿಂದೆ ಬರುತ್ತೆ."

ರೇವಿ ನಡೆದ. ಮಾತಾಡುತ್ತಲೇ ತಿರುಗಿದ.

"ತಿರುಗೋವಾಗ ಮಾತಾಡ್ಬೇಡ. ಬೆನ್ನು ತೋರಿಸ್ಕೊಂಡು ಯಾರಿಗೆ ಹೇಳ್ತೀಯ? ತಿರುಗೋವಾಗ ಸುಮ್ನಿರು. ಜನ ಅಷ್ಟರಲ್ಲಿ ಅತ್ಕೊಳ್ಳಲಿ."

ಮತ್ತೆ ನಡೆದ. ಅಮ್ಮನಿಗೆ ಹೇಳುವ ಮಾತು ಬಂದಾಗ ಧ್ವನಿ ತಾನಾಗಿ ತಗ್ಗಿತು. ಅಪ್ಪ ಬಗ್ಗಿ ದಂಡೆಯ ಕಲ್ಲೊಂದನ್ನು ಎತ್ತಿಕೊಂಡು ನೋಡುತ್ತ ಕುಳಿತ. ಅಷ್ಟರಲ್ಲಿ ಕೈ ತೊಳೆದುಕೊಂಡು ಅತ್ತೆಯೂ ಬಂದು ದೋಣಿಯ ಇನ್ನೊಂದು ತುದಿಗೆ ಒರಗಿದಳು.

"ನಿನ್ನ ಮಾತು ಮುಗೀತು ಅಂದಾಗ ನನ್ನ ಕಡೆ ನೋಡು. ಹೆಂಗಸರು ಎದ್ದು ಹಾಡು ಶುರು ಮಾಡ್ತೀವಿ. ನೋಡದೆ ಕೊರೀತಾನೇ ಇದ್ರೆ ನೋಡದಿದ್ರೂ ಶುರು ಮಾಡ್ತೀವಿ."

"ನನಗೂ ಒಂದ್ಸಲ ಹಾಗೇ ಮಾಡಿದ್ಲು" ಎಂದ ಇಹಾಕ.

"ಒಂದ್ಸಲಾನಾ?" ಅತ್ತೆ ನಕ್ಕಳು. ಅಪ್ಪನ ತುಟಿಯೂ ಒಂದಿಷ್ಟು ಅಲುಗಿತು. ವರ್ಷದಿಂದ ರೇವಿ ಅದನ್ನು ಕಂಡಿರಲಿಲ್ಲ.

"ಮುಗೀತಾ?" ಅಪ್ಪ ಕೇಳಿದ.

"ಇನ್ನೂ ಸ್ವಲ್ಪ ಇದೆ, ಅಪ್ಪ."

"ಅಮ್ಮನ ವಿಷಯಾನಾ?"

"ಹೂಂ."

ಇಹಾಕ ಕಲ್ಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. "ಇಲ್ಲಿ ಹೇಳ್ಬೇಡ. ಅಲ್ಲೇ ಹೇಳು. ಎಲ್ಲರ ಜೊತೆ ನಾನೂ ಕೇಳ್ತೀನಿ."

ಶನಿವಾರ ಬೆಳಿಗ್ಗೆ ಅತ್ತೆಯ ಕೂಗು ಗೇಟಿನವರೆಗೂ ಹೋಯಿತು. ಕರಿಬಟ್ಟೆಯ ಗುಂಪು ನಿಧಾನವಾಗಿ ಅಂಗಳ ದಾಟಿತು. ಮುಂದೆ ಅಮ್ಮನ ಫೋಟೋ. ಯಾವುದೋ ಮದುವೆಯಲ್ಲಿ ತೆಗೆದದ್ದು, ಯಾರನ್ನೋ ಕೀಟಲೆ ಮಾಡಿ ಬಾಯಿ ಮುಚ್ಚಿಕೊಳ್ಳುವ ಮುಖ. ಜಗಲಿಯಲ್ಲಿ ಅದನ್ನು ಇಟ್ಟು ಎಲ್ಲರೂ ಅತ್ತರು. ಇಹಾಕ ಬೆಂಚಿನಿಂದ ದೂರ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ. ಬೆಂಚಿನ ಹಿರಿಯರೊಬ್ಬರು ಸ್ವಾಗತ ಹೇಳಿದ ಮೇಲೆ ಆ ಕಡೆಯಿಂದ ಅಮ್ಮನ ತಮ್ಮ ಹೇನಾರೆ ಎದ್ದ. ಫೋಟೋಗೆ ಬಾಗಿದ. ಆಮೇಲೆ ಅವನ ಹೆಜ್ಜೆ ಗೋಡೆಯ ಪಕ್ಕದ ಕುರ್ಚಿಯತ್ತ ಹೊರಳಿತು.

"ಭಾವ, ಅವತ್ತು ನಾವು ಗೆದ್ವಿ. ಅಕ್ಕನ್ನ ಕರ್ಕೊಂಡು ಹೋದ್ವಿ. ಊರು ಸೇರಿದ ತಕ್ಷಣ ಮುದುಕಿಯರು ಏನು ಕೇಳಿದ್ರು ಗೊತ್ತಾ? ಸುಮ್ನೆ ಕೊಟ್ಟು ಕಳಿಸಿದ್ರಾ, ಅಂತ. ಇಲ್ಲ, ಗಂಡ ಬಿಡಲೇ ಇಲ್ಲ, ಗಂಟಲು ಹರಿದುಹೋಗೋ ತನಕ ನಮ್ಮ ಜೊತೆ ಜಗಳ ಆಡ್ದ ಅಂದ್ವಿ. ಆಗ ಅವರು ಜೋರಾಗಿ ಅತ್ರು, ಭಾವ. ನಮ್ಮ ಹುಡುಗಿ ಬೇಡವಾದವಳಲ್ಲ ಅಂತ ಸಮಾಧಾನಕ್ಕೆ ಅತ್ರು. ನೀನು ಸುಮ್ನೆ ಕೊಟ್ಟಿದ್ರೆ ನಾವು ಅವಳನ್ನ ಯಾವ ಮುಖ ಇಟ್ಕೊಂಡು ಮಣ್ಣು ಮಾಡ್ತಿದ್ವಿ? ನಿನ್ನ ಮಾತು ಈಗ ನಮ್ಮೂರಲ್ಲಿದೆ. ಮಾತು ಕಲಿಯೋ ಹುಡುಗರಿಗೆ ನಾವು ಅದನ್ನೇ ಹೇಳ್ಕೊಡ್ತೀವಿ."

ಇಹಾಕ ತಲೆ ತಗ್ಗಿಸಿದ. ತಗ್ಗಿಸಿದ ತಲೆ ಮೇಲೆ ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಅವನ ಭುಜಗಳು ನೆಟ್ಟಗಾಗಿದ್ದವು.

ರೇವಿಯ ಸರದಿ. ಎದ್ದ. ನಡೆದ. ಮಾತು ಹಿಂದೆ ಬಂತು. ಸಭಾಮನೆಗೆ, ನೆಲಕ್ಕೆ, ಹೋದವರಿಗೆ ಹೇಳಿ, ಜಗಲಿಯ ಎದುರು ನಿಂತ.

"ಬಾ, ಅಮ್ಮ. ನೀನು ಹೋದ ಮೇಲೂ ನಿನ್ನ ಟೀ ಬಟ್ಟಲನ್ನ ಯಾರೂ ಬಳಸಿಲ್ಲ. ಅಪ್ಪ ಈಗಲೂ ಮಂಚದ ಒಂದೇ ಪಕ್ಕದಲ್ಲಿ ಮಲಗ್ತಾನೆ. ಬಾ, ನಿನ್ನ ಜಾಗ ಹಾಗೇ ಇದೆ. ಸ್ವಲ್ಪ ಹೊತ್ತು ಇದ್ದು, ಆಮೇಲೆ ನಿನ್ನ ಅಲೆಗಳ ಹತ್ರ ಹೋಗು."

ತಿರುಗಿದ. ಸುಮ್ಮನಾದ. ಇನ್ನು ಉಳಿದದ್ದು ಆ ಕೊನೆಯ ಮಾತು. ಸುಟ್ಟ ಹಾಳೆಯಲ್ಲಿದ್ದುದು ಅಕ್ಷರ ತಪ್ಪದೆ ನಾಲಿಗೆಯ ಮೇಲಿತ್ತು. ಅಪ್ಪ ಕುರ್ಚಿಯ ಅಂಚಿಗೆ ಸರಿದು ಅವನನ್ನೇ ನೋಡುತ್ತಿದ್ದ. ಹೆಂಡತಿಗಾಗಿ ಗಂಟಲು ಹರಿದುಕೊಂಡ ಗಂಡಸಿನ ಮುಖ ಅದು. ಈಗಷ್ಟೇ ಅದಕ್ಕೊಂದು ಬೆಲೆ ಬಂದಿತ್ತು. ಅವಳೇ ಹೋಗಬೇಕೆಂದಿದ್ದಳು ಎಂದು ತಿಳಿದರೆ, ಅವತ್ತು ತಾನು ಬಡಿದಾಡಿದ್ದು ಅವಳ ಜೊತೆಗೇ ಎಂದಾಗುವುದಿಲ್ಲವೇ?

ಯಾರೋ ಕೆಮ್ಮಿದರು. ರೇವಿ ಅತ್ತೆಯ ಕಡೆ ನೋಡಿದ.

ಹುಹಾನಾ ಹಾಡು ಎತ್ತಿದಳು. ಹೆಂಗಸರು ಅವನ ಹಿಂದೆ ಬಂದು ನಿಂತರು. ಎರಡನೆಯ ಸಾಲಿಗೆ ಒಂದು ಒಡಕು ದನಿ ಸೇರಿಕೊಂಡಿತು. ಇಹಾಕ ಕುರ್ಚಿ ಬಿಟ್ಟು ಬಂದು ಮಗನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ.

ಮಧ್ಯಾಹ್ನ ಊಟದ ಮನೆಯಲ್ಲಿ, ಕಡಲ ಕಡೆಯವರು ತಂದ ಚಿಪ್ಪುಮೀನಿನ ಬಟ್ಟಲನ್ನು ಮಗನತ್ತ ತಳ್ಳುತ್ತ ಅಪ್ಪ ಕೇಳಿದ, "ಇನ್ನೂ ಸ್ವಲ್ಪ ಇದೆ ಅಂದಿದ್ಯಲ್ಲೋ?"

"ಮರೆತುಹೋಯ್ತು, ಅಪ್ಪ."

"ಮೊದಲ ಸಲ ಎಲ್ಲರಿಗೂ ಹಾಗೇ. ಮುಂದಿನ ವಾರ ಬೆಂಚಿನ ಮೇಲೆ ನನ್ನ ಪಕ್ಕ ಕೂತ್ಕೋ. ಹೇಳ್ಕೊಡ್ತೀನಿ."

ಆಮೇಲೆ ಎಷ್ಟೋ ವರ್ಷ ಅವರಿಬ್ಬರೂ ಆ ಬೆಂಚಿನ ಮೇಲೆ ಒಟ್ಟಿಗೆ ಕುಳಿತರು. ಅಮ್ಮ ತನ್ನೂರಿಗೆ ಹೋಗಬೇಕೆಂದು ತಾನೇ ಕೇಳಿಕೊಂಡಿದ್ದಳು ಎಂಬುದನ್ನು ರೇವಿ ಅಪ್ಪನಿಗೆ ಎಂದೂ ಹೇಳಲಿಲ್ಲ.