ಇನ್ನೂರು ದಾಟಿದ ದಿನ

"ಇನ್ನೂರ ಹದಿನಾಲ್ಕು," ಎಂದಳು ಫೋನಿನಲ್ಲಿ ನರ್ಸ್. ಟೀಚರಮ್ಮ ಹಾಸಿಗೆಯಲ್ಲಿ ಎದ್ದು ಕೂತು ಇನ್ನೊಮ್ಮೆ ಹೇಳಿಸಿಕೊಂಡಳು. ರಕ್ತದಲ್ಲಿ ಸೋಂಕಿನ ಜೊತೆ ಕಾದಾಡುವ ಕಣಗಳ ಎಣಿಕೆ ಅದು. ಇನ್ನೂರು ದಾಟಿದರೆ ಮಗಳನ್ನು ಮನೆಗೆ ಕರೆಸಿಕೊಳ್ಳಬಹುದು ಎಂದಿದ್ದರು ಡಾಕ್ಟರು. ಮಗುವಿಗೆ ನೆಗಡಿ, ಜ್ವರ ಇರಬಾರದು, ಅಷ್ಟೆ.

ಏಳು ತಿಂಗಳ ಹಿಂದೆ, ಹೊಸ ರಕ್ತ ಹುಟ್ಟಿಸಲೆಂದು ತಂಗಿ ಕೊಟ್ಟ ಕಾಂಡಕೋಶಗಳು ಒಂದು ಪುಟ್ಟ ಚೀಲದಿಂದ ತೊಟ್ಟು ತೊಟ್ಟಾಗಿ ಅವಳ ಮೈಗಿಳಿದಿದ್ದವು. ಅಂದಿನಿಂದ ಆರು ವರ್ಷದ ಪುಟ್ಟಿ ಚಿಕ್ಕಮ್ಮನ ಮನೆಯಲ್ಲೇ. ಶಾಲೆಗೆ ಹೋಗುವ ಮಗು ಊರ ನೆಗಡಿಯನ್ನೆಲ್ಲ ಹೊತ್ತು ತರುತ್ತದೆ, ಪಾಪ, ಅದರ ತಪ್ಪೇನೂ ಇಲ್ಲ. ಇಲ್ಲಿ ದಿನಗಳೆಲ್ಲ ಒಂದರೊಳಗೊಂದು ಕರಗಿಹೋಗಿದ್ದವು. ಕುದಿಸಿ ಆರಿಸಿದ ನೀರು, ಎರಡು ಹೊತ್ತೂ ಥರ್ಮಾಮೀಟರು, ಪರದೆಯಲ್ಲಿ ತೇಲುವ ಬಿಸಿಲು. ಅರೆನಿದ್ದೆಯಲ್ಲಿ ಪುಟ್ಟಿಯ ಕೂದಲ ವಾಸನೆ ಬರುತ್ತಿತ್ತು. ಕೈಚಾಚಿದರೆ ದಿಂಬು.

ವಿಷಯ ಕೇಳಿ ತಂಗಿ ಫೋನಿನಲ್ಲೇ ನಕ್ಕಳು. "ನಂದೇ ರಕ್ತ ಅಲ್ವಾ, ಸೋಮಾರಿ. ನಿಧಾನಕ್ಕೇ ಬೆಳೆಯೋದು." ಆಮೇಲೆ ಅತ್ತಳು. "ಈಗ್ಲೇ ಹೊರಟ್ವಿ ಕಣಕ್ಕ."

ಟೀಚರಮ್ಮ ಕೈ ತೊಳೆದಳು, ಮತ್ತೆ ತೊಳೆದಳು. ಮೆಟ್ಟಿಲಲ್ಲಿ ದಡಬಡ ಸದ್ದು. ಬಾಗಿಲು ತೆಗೆದರೆ ಮಾಸ್ಕ್ ಹಾಕಿಕೊಂಡ ಪುಟ್ಟಿ, ಗೇಣುದ್ದ ಬೆಳೆದುಬಿಟ್ಟಿದ್ದಾಳೆ. ಟೀಚರಮ್ಮ ಮಂಡಿಯೂರಿ ಎರಡೂ ಕೈ ಚಾಚಿದಳು. ಪುಟ್ಟಿ ನಿಂತಲ್ಲೇ ನಿಂತಳು.

"ಅಮ್ಮ, ಬೆಳಿಗ್ಗೆ ನಂಗೆ ಎರಡು ಸೀನು ಬಂತು. ದಿಂಬಲ್ಲಿ ಮುಖ ಇಟ್ಟು ಸೀನಿದೆ."

ತಂಗಿಯ ಮುಖ ಸಣ್ಣದಾಯಿತು. "ನಂಗೆ ಹೇಳೋದಲ್ವೇನೇ?"

"ಹೇಳಿದ್ರೆ ನೀನು ಕರ್ಕೊಂಡು ಬರ್ತಿರಲಿಲ್ಲ ಚಿಕ್ಕಮ್ಮ. ನಂಗೆ ಅಮ್ಮನ್ನ ನೋಡ್ಬೇಕಿತ್ತು."

ಎರಡೇ ಎರಡು ಸೀನು. ಧೂಳಿಗೂ ಬರುತ್ತದೆ. ಮಗಳನ್ನು ಎಳೆದು ಅಪ್ಪಿಕೊಳ್ಳಬೇಕೆನಿಸಿತು ಟೀಚರಮ್ಮನಿಗೆ. ಮಾಸ್ಕಿನ ಮೇಲೆ ಪುಟ್ಟಿಯ ಕಣ್ಣುಗಳು ಕೆಂಪಾಗಿದ್ದವು, ನೆಗಡಿಗೋ ಅಳುವಿಗೋ ತಿಳಿಯಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು ಚಿನ್ನ," ಎಂದು ಅವಳೇ ಬಾಗಿಲು ಹಾಕಿದಳು.

ಹಾಕಿದ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು. ತೆಳು ಹಲಗೆ ಒಂದಿಷ್ಟು ಅಲುಗಿತು. ಆಚೆ ಕಡೆ ಪುಟ್ಟಿಯೂ ಒರಗಿದ್ದು ಬೆನ್ನಿಗೇ ಗೊತ್ತಾಯಿತು. ಹಲ್ಲು ಬಿದ್ದದ್ದು, ಚಿಕ್ಕಮ್ಮ ಗೊರಕೆ ಹೊಡೆಯುವುದು, ಎಲ್ಲ ಹೇಳಿತು ಮಗು.

"ನಾಳೆ ಬರಲಾ?"

"ನಾಳೆ ಬೇಡ ಕಂದ. ಪೂರ್ತಿ ವಾಸಿಯಾಗ್ಲಿ. ಆಮೇಲೆ ಡಾಕ್ಟ್ರನ್ನ ಕೇಳೋಣ."

ಮಾತು ಎಳೆಎಳೆಯಾಗಿ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಮಧ್ಯಾಹ್ನದ ಬಿಸಿಲಿಗೆ ಟೀಚರಮ್ಮನ ಕಣ್ಣೂ ಎಳೆಯತೊಡಗಿತು.

"ನಿದ್ದೆಹೋಯ್ತು ಅಕ್ಕ," ಆಚೆಯಿಂದ ತಂಗಿ ಪಿಸುಗುಟ್ಟಿದಳು. "ಎತ್ಕೊಂಡು ಹೋಗ್ತೀನಿ."

ಬೆನ್ನ ಹಿಂದೆ ಬಾಗಿಲು ಹಗುರವಾಯಿತು.