ತಮ್ಮ ಎಣಿಸಿದ ಪೇಪರುಗಳು

ಧಮ್ಮಪಾಲನಿಗೆ ವೀರ್ಯಾಣುಗಳು ಸಾಲುತ್ತಿರಲಿಲ್ಲ. ಎಡಬೀಜದ ಮೇಲೆ ನರಗಳು ಎರೆಹುಳದ ಗಂಟಿನಂತೆ ಉಬ್ಬಿದ್ದವು. ಕಲಬುರಗಿಯ ಡಾಕ್ಟರು ಅದನ್ನು ವೆರಿಕೋಸಿಲ್ ಎಂದು ಚೀಟಿಯಲ್ಲಿ ಬರೆದು, ಆಪರೇಶನ್ ಮಾಡಿಸು ಅಂದರು. ಸೊಲ್ಲಾಪುರದವರು, ಅದರಿಂದ ಏನೂ ಆಗದು, ಸೀದಾ ಟೆಸ್ಟ್‌ಟ್ಯೂಬ್ ಕೂಸಿಗೆ ಹೋಗು ಅಂದರು. ಮೂರನೆಯವರು, ಬಿಗಿ ಚಡ್ಡಿ ಬಿಡು, ಸುಮ್ಮನೆ ಕಾಯಿ ಅಂದರು. ಕೊಳಕೂರಿನ ಗೌಂಡಿ ಅವನು. ಗೋಡೆ ಸೊಟ್ಟಗಿದೆಯೋ ಎಂದು ದಾರಕ್ಕೆ ಗುಂಡು ಕಟ್ಟಿ ನೋಡಬಲ್ಲ. ಇಲ್ಲಿ ಏನು ಕಟ್ಟಿ ನೋಡುವುದೋ ತಿಳಿಯಲಿಲ್ಲ.

ಮನೆಯಲ್ಲಿ ಈ ಸಂಗತಿ ಹೆಂಡತಿ ಸಂಘಮಿತ್ರಾಗೆ ಮಾತ್ರ ಗೊತ್ತಿತ್ತು. ಅವ್ವ ಮರೆಮ್ಮ ಓಣಿಗೆಲ್ಲ, "ಹಿರೋಳ್ಳಿಯಿಂದ ಬಂಜಿ ತಂದೇವಿ" ಎಂದು ಸಾರುತ್ತಿದ್ದಳು.

"ನನಗ ಕೂಸು ಬ್ಯಾಡ, ಏನೂ ಬ್ಯಾಡ," ಅಂದಳು ಸಂಘಮಿತ್ರಾ. "ದೋಷ ನಿಮ್ದು ಅಂತ ನಿಮ್ಮವ್ವಗ ಒಮ್ಮೆ ಹೇಳ್ರಿ. ಇಲ್ಲಂದ್ರ ನಾ ಇಲ್ಲಿ ಇರಂಗಿಲ್ಲ."

"ಹೇಳ್ತೇನಿ. ಮೊದಲ ಯಾವ ಡಾಕ್ಟರ್ ಮಾತು ಖರೇ ಅಂತ ತಿಳೀಲಿ."

ಅದನ್ನು ತಿಳಿಯಲೆಂದೇ ತಮ್ಮ ದಿಲೀಪನ ಹಾಸ್ಟೆಲಿಗೆ ಹೋದ. ದಿಲೀಪ ಲೈಬ್ರರಿ ಸೈನ್ಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಗೈಡು ಕೊಟ್ಟ ವಿಷಯ: ಗಂಡಸರ ಬಂಜೆತನ ಮತ್ತು ವೆರಿಕೋಸಿಲ್ ಕುರಿತು ಜಗತ್ತಿನಲ್ಲಿ ಎಷ್ಟು ಸಂಶೋಧನೆ ನಡೆದಿದೆ. ಊರಲ್ಲಿ ಅವನನ್ನು ಆಗಲೇ ಡಾಕ್ಟರ್ ಅನ್ನುತ್ತಿದ್ದರು.

ದಿಲೀಪ ಲ್ಯಾಪ್‌ಟಾಪ್ ತೆರೆದು ಒಂದು ಗೆರೆ ತೋರಿಸಿದ. ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗಿತ್ತು.

"ಇವೆಲ್ಲ ಸಂಶೋಧನೆ ಪೇಪರು ಅಣ್ಣ. ಯಾವ ದೇಶದವರು ಎಷ್ಟು ಬರದಾರ, ಯಾರು ಯಾರ ಹೆಸರು ತಗೊಂಡಾರ, ಎಲ್ಲಾ ಎಣಿಸೇನಿ."

"ಆಪರೇಶನ್ ಮಾಡಿಸು ಅಂತಾವೋ, ಬ್ಯಾಡ ಅಂತಾವೋ?"

"ಒಳಗಿಂದು ಓದಂಗಿಲ್ಲಣ್ಣ. ಎಣಸೋದಷ್ಟ."

"ಲೇ, ಇಟ್ಟಂಗಿ ಎಣಿಸಿ ಮನಿ ಕಟ್ಟೇನಿ ಅಂತೀಯಲ್ಲೋ!"

ದಿಲೀಪ ನಕ್ಕ. ಅಣ್ಣ ನಗಲಿಲ್ಲ. "ನನ್ನ ಸಲುವಾಗಿ ನಾಕು ಓದು."

ಓದಿದ ಮೇಲೆ ದಿಲೀಪ ಫೋನು ಮಾಡಿದ. "ಕೆಲವು ಲಾಭ ಅದ ಅಂತಾವ, ಕೆಲವು ಖಾತ್ರಿ ಇಲ್ಲ ಅಂತಾವ. ಎಲ್ಲಾದರ ಕಡಿಗೂ ಇನ್ನೂ ಸಂಶೋಧನೆ ಆಗಬೇಕು ಅಂತ ಅದ ಅಣ್ಣ."

ಅಷ್ಟು ಓದಿದವರಿಗೇ ಇನ್ನೂ ತಿಳಿದಿಲ್ಲ ಅಂದಮೇಲೆ, ಅವ್ವನಿಗೆ ಹೇಳಲು ತನಗೇನು ಅವಸರ ಅನಿಸಿತು ಧಮ್ಮಪಾಲನಿಗೆ.

ಪಕ್ಕದ ಮನೆಯ ಮನೀಷಾಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸಂಘಮಿತ್ರಾ ಕೂಸಿನ ತಲೆಗೆಂದು ತನ್ನ ಮಷೀನಿನಲ್ಲಿ ಹೊಲಿದ ಕುಂಚಿಗಿ ಹಿಡಿದು ಹೋದಳು. ಮರೆಮ್ಮ ಅದನ್ನು ಕಸಿದುಕೊಂಡಳು. "ನೀ ಕೂಸಿಗೆ ಮುಟ್ಟಬ್ಯಾಡ ಬೇ. ಆಚೆ ನಿಲ್ಲು."

ಹೆಂಗಸರ ಹಾಡು ನಿಂತಿತು. ಸಂಘಮಿತ್ರಾ ಬಾಗಿಲಲ್ಲಿದ್ದ ಗಂಡನ ಮುಖ ನೋಡಿದಳು. ಅವನ ಬಾಯಿಗೆ ಮೂವರು ಡಾಕ್ಟರೂ ಒಮ್ಮೆಲೇ ಬಂದರು, ಹಿಂದೆಯೇ ತಮ್ಮನ ಗೆರೆಯೂ. ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ. ಬೀಜ ಇವನದೇ ಸರಿಯಿಲ್ಲ ಎಂಬುದರಲ್ಲಿ ಮೂವರೂ ಒಪ್ಪಿದ್ದರು. ಅದು ತಲೆಗೆ ಹೋಗುವಷ್ಟರಲ್ಲಿ ಸಂಘಮಿತ್ರಾ ತವರೂರು ಹಿರೋಳ್ಳಿಯ ಬಸ್ಸು ಹತ್ತಿಯಾಗಿತ್ತು. ಮರುವಾರ ಅವಳಣ್ಣ ಟಂಟಂ ಗಾಡಿ ತಂದು ಹೊಲಿಗೆ ಮಷೀನು ಒಯ್ದ.

ಆಮೇಲೆ ಧಮ್ಮಪಾಲ ಆಪರೇಶನ್ ಮಾಡಿಸಿಕೊಂಡ. ವೀರ್ಯಾಣು ತುಸು ಹೆಚ್ಚಿದವು. ಅವ್ವನಿಗೂ ಹೇಳಿದ.

"ಮೊದಲ ಹೇಳಬಾರದೇನ್ಲೇ ಭಾಡ್ಯಾ?" ಅಂದಳು ಮರೆಮ್ಮ.

ರಿಪೋರ್ಟು ಹಿಡಿದು ಹಿರೋಳ್ಳಿಗೆ ಹೋದ. ಸಂಘಮಿತ್ರಾ ಅದನ್ನು ಕೈಗೆ ತಗೊಳ್ಳಲಿಲ್ಲ. "ಇದು ಈಗ ಯಾರಿಗೆ ಬೇಕ್ರಿ?" ಅಂದಳು.

ಹೋದದ್ದು ಇಷ್ಟು: ಏಳು ವರ್ಷದ ಸಂಸಾರ, ಒಂದು ಹೊಲಿಗೆ ಮಷೀನು, ಒಬ್ಬ ಹೆಂಡತಿ.